ಐಸಮ್ಮನ ಉಮ್ಮ ಬರೆಸಿದ ಮೂರು ಅರ್ಜಿಗಳು

ನಿಮ್ಮ ಬಾಪ ಮದೀನಾದಲ್ಲಿ ಜ್ವರ ಬಂದು ತೀರಿಕೊಂಡರು ಎಂದು ನಾನು ಹೇಳಿದ್ದು ಸುಳ್ಳು, ಐಸಮ್ಮ. ಹಾಗೆಂದು ಯಾವ ಕಾಗದದಲ್ಲೂ ಇರಲಿಲ್ಲ. ಇದ್ದದ್ದು ಬೇರೆ—ಅದನ್ನು ಎಂಟು ವರ್ಷ ನಿಮ್ಮಿಂದ ಮುಚ್ಚಿಟ್ಟೆ.

ನನ್ನ ಕೆಲಸ ನಿಮಗೆ ಗೊತ್ತು. ಸೌದಿಯ ದಹ್ರಾನಿನ ಆಫೀಸಿನಲ್ಲಿ ಕೂತು, ಬ್ರಿಟಿಷರ ಕಾಲದ ಸರಕಾರಿ ಕಡತಗಳ ಪ್ರತಿಗಳನ್ನು ಕಂಪ್ಯೂಟರಿನಲ್ಲಿ ಓದಿ, ಯಾವ ಹಾಳೆಯಲ್ಲಿ ಏನಿದೆ ಎಂದು ಬರೆದಿಡುವುದು. ಹೆಚ್ಚಿನವು ಸಪ್ಪೆ ವಿಷಯಗಳು—ಹಡಗಿನಿಂದ ಇಳಿದ ಹಾಜಿಗಳ ಪಟ್ಟಿ, ಕಳೆದುಹೋದ ಪಾಸು, ಕಚೇರಿಗೆ ಶಾಯಿ ಬೇಕೆಂಬ ಕೋರಿಕೆ. ನೀವು ಉಮ್ರಾ ಯಾತ್ರೆಗೆ ಬಂದಾಗ, ಇಲ್ಲಿ ಡ್ರೈವರಾಗಿರುವ ನಿಮ್ಮ ಮಗ ಖಾದರಾಕ ಬೇರೆ ಡ್ರೈವರುಗಳ ಜೊತೆ ಒಂದೇ ಕೋಣೆಯಲ್ಲಿದ್ದುದರಿಂದ ನಮ್ಮ ಮನೆಯಲ್ಲಿ ಉಳಿದಿರಿ. ಎರಡನೇ ದಿನವೇ ಕೇಳಿದಿರಿ:

"ಹಮೀದ್ ಮೋನೆ, ನಾನು ಹೊಟ್ಟೆಯಲ್ಲಿದ್ದಾಗ ಬಾಪ ಹಜ್ಜಿಗೆ ಹೋದದ್ದು. ವಾಪಸ್ ಬರ್ಲೇ ಇಲ್ಲ. ನಿನ್ನ ಆಫೀಸಿನ ಹಳೇ ಕಾಗದದಲ್ಲಿ ಎಂತಾದ್ರೂ ಉಂಟಾ, ನೋಡ್ತೀಯಾ?"

ಸಿಗಲಿಕ್ಕಿಲ್ಲ ಎಂದುಕೊಂಡೇ ಹುಡುಕಿದೆ. ನಾಲ್ಕನೇ ದಿನ ಸಿಕ್ಕಿತು. ಊರು, ಮನೆತನ, ಎಲ್ಲ ಸರಿಯಾಗಿತ್ತು.

ಮೊದಲು ನಿಮ್ಮ ಉಮ್ಮನ ಅರ್ಜಿ. ಮಂಗಳೂರಿನ ಕಲೆಕ್ಟರರಿಗೆ ಬರೆಸಿದ್ದು—ಯಾರೋ ಅರ್ಜಿ ಬರೆಯುವವನ ಇಂಗ್ಲಿಷು, ಕೆಳಗೆ ಉಮ್ಮನ ಹೆಬ್ಬೆಟ್ಟು. ಗಂಡ ಬದುಕಿದ್ದಾನೋ ಸತ್ತಿದ್ದಾನೋ ಅಷ್ಟು ತಿಳಿಸಿಕೊಡಬೇಕು ಎಂದು. ಉತ್ತರವಿಲ್ಲ. ಮರುವರ್ಷ ಇನ್ನೊಂದು. ಅದರ ಮರುವರ್ಷ ಮತ್ತೊಂದು. ಆ ಮೂರನೆಯದು ಮದ್ರಾಸು, ಬೊಂಬಾಯಿ ದಾಟಿ ಜಿದ್ದಾದ ಬ್ರಿಟಿಷ್ ಕಚೇರಿ ಮುಟ್ಟಿದೆ. ಅಲ್ಲಿಂದ ಬಂದ ಉತ್ತರ ಐದೇ ಸಾಲು. ಈ ವ್ಯಕ್ತಿ ಮದೀನಾದಲ್ಲಿದ್ದಾನೆ, ಚಹಾದಂಗಡಿ ಇಟ್ಟಿದ್ದಾನೆ, ಇಲ್ಲೇ ಮದುವೆಯಾಗಿದ್ದಾನೆ, ಊರಿಗೆ ಮರಳಲು ಒಪ್ಪುತ್ತಿಲ್ಲ. ನಿರ್ಗತಿಕನಲ್ಲದ್ದರಿಂದ ಕಳುಹಿಸಿಕೊಡುವ ಹೊಣೆ ಕಚೇರಿಯದಲ್ಲ. ಇದು ನಿಮ್ಮ ಉಮ್ಮನಿಗೆ ತಲುಪಿತೋ ಇಲ್ಲವೋ—ಕಡತದಲ್ಲಿಲ್ಲ.

ಸಂಜೆ ಮನೆಗೆ ಬಂದಾಗ ನೀವು ನನ್ನ ಹೆಂಡತಿಯ ಜೊತೆ ಅಕ್ಕಿರೊಟ್ಟಿ ತಟ್ಟುತ್ತಿದ್ದಿರಿ. ಮುಖ ನೋಡಿಯೇ "ಸಿಕ್ಕಿತಾ?" ಎಂದಿರಿ. ನಾನು ಬಾಯಿಗೆ ಬಂದದ್ದು ಹೇಳಿದೆ. ಜ್ವರ. ಮದೀನಾ. ಅಲ್ಲಿನ ಪವಿತ್ರ ಖಬರಸ್ತಾನ ಜನ್ನತುಲ್ ಬಖೀಯಲ್ಲಿ ದಫನ. ಹೇಳಿದಷ್ಟೂ ನಿಮ್ಮ ಮುಖ ಅರಳಿತು. ಅರಳಿದ್ದು ಕಂಡು ಇನ್ನಷ್ಟು ಹೇಳಿದೆ. ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ಎರಡೂ ಕೈ ಹಿಡಿದು ಅತ್ತಿರಿ. ಆಮೇಲೆ ಹೇಳಿದಿರಿ:

"ಪುಣ್ಯವಂತ ನನ್ನ ಬಾಪ. ಉಮ್ಮನೇ ಸರಿ ಇರ್ಲಿಲ್ಲ. ಒಂದು ಕಾಗದ ಬರೆಸ್ಲಿಲ್ಲ, ಒಬ್ಬರ ಹತ್ರ ಕೇಳ್ಲಿಲ್ಲ. ಕಲ್ಲಿನ ಹಾಗೆ ಕೂತಿದ್ರು."

ನಾನು ಸುಮ್ಮನಿದ್ದೆ.

ಸುಳ್ಳು ಹೇಳಿದ್ದು ನಿಮಗೆ ನೋವಾಗದಿರಲಿ ಎಂದು—ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಆ ಮೌನಕ್ಕೆ? ಉಮ್ಮ ಮೂರು ಸಲ ಕೇಳಿದ್ದಾರೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಿದರೆ ಉತ್ತರವೇನಿತ್ತು ಎಂದು ನೀವು ಕೇಳುತ್ತಿದ್ದಿರಿ, ನನ್ನ ಸುಳ್ಳು ಬಯಲಾಗುತ್ತಿತ್ತು, ಹಿಡಿದ ಕೈ ಬಿಡುತ್ತಿದ್ದಿರಿ. ನನಗೆ ಆ ಗೌರವ ಬೇಕಿತ್ತು. ಅಷ್ಟೇ.

ಆಮೇಲೆ ನಿಮ್ಮನ್ನು ಮದೀನಾಕ್ಕೆ ಕರೆದೊಯ್ದೆ. ಅಲ್ಲಿ ಹೆಂಗಸರನ್ನು ಗೋರಿಗಳ ಹತ್ತಿರ ಬಿಡುವುದಿಲ್ಲ. ನೀವು ಗೋಡೆಯ ಹೊರಗೆ ನಿಂತು ಬಹಳ ಹೊತ್ತು ಸಲಾಂ ಹೇಳಿದಿರಿ. ಬಿಸಿಲಿಗೆ ಕೊಡೆ ಹಿಡಿದವನು ನಾನು. ನಿಮ್ಮ ಬಾಪ ಅಲ್ಲಿದ್ದಾರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕಳೆದ ತಿಂಗಳು ರಜೆ ಮುಗಿಸಿ ಬಂದ ಖಾದರಾಕ ಗಾಡಿ ಒರೆಸುತ್ತಾ ಹೇಳಿದರು: "ನಮ್ಮ ಉಮ್ಮನ ಹಠ ನೋಡು ಮಾರಾಯ. ತೀರಿಹೋದವರಿಗೆ ಯಾಸೀನ್ ಓದಿಸುವಾಗ ಅಜ್ಜನ ಹೆಸರು ಹೇಳ್ತಾರೆ, ಅಜ್ಜಿ ಹೆಸರು ಹೇಳ್ಲಿಕ್ಕೆ ಬಿಡುದಿಲ್ಲ."

ಅವರಿಗೆ ನಿನ್ನೆ ಎಲ್ಲ ಹೇಳಿದೆ. ಎದ್ದು ಹೋದರು. ಇನ್ನೂ ಫೋನ್ ಎತ್ತಿಲ್ಲ—ಎತ್ತಬೇಕೆಂದೂ ನಾನು ಹೇಳುವಂತಿಲ್ಲ.

ಕಡತದ ಪ್ರತಿಯನ್ನು ಈ ಕಾಗದದ ಜೊತೆ ಇಟ್ಟು, ಊರಿಗೆ ಹೊರಟವರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ನಿಮ್ಮ ಮೊಮ್ಮಗಳು ಓದಿ ಹೇಳಲಿ. ಬಾಪನ ವಿಷಯ ಕೊನೆಯ ಹಾಳೆಯಲ್ಲಿದೆ, ಅದಕ್ಕೆ ಅವಸರವಿಲ್ಲ. ಮೊದಲ ಮೂರು ನಿಮ್ಮ ಉಮ್ಮನವು. ಮೂರನೆಯದನ್ನು ಅವರು ತಾಯಿ–ಮಗಳು ಇಬ್ಬರ ಹೆಸರಲ್ಲೂ ಬರೆಸಿದ್ದಾರೆ. ಅವರ ಹೆಬ್ಬೆಟ್ಟಿನ ಪಕ್ಕದಲ್ಲಿ, ಕಡಲೆಕಾಳಿನಷ್ಟು ಚಿಕ್ಕದಾಗಿ, ಇನ್ನೊಂದು ಹೆಬ್ಬೆಟ್ಟಿದೆ.

ಅದು ನಿಮ್ಮದು, ಐಸಮ್ಮ.