ಬಯಲಲ್ಲಿ ಸೀರೆ ಉಡಿಸುವ ಕಸುಬು

ದಿನಾ ಬೆಳಿಗ್ಗೆ ವಾಕಿಂಗ್ ಮಾಡಬೇಕೆಂದು ಡಾಕ್ಟರು ಹೇಳಿದ್ದು ನಮ್ಮ ಅತ್ತೆಗೆ. ನಡೆದದ್ದು ಮಾತ್ರ ನಾನು. ಅತ್ತೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಶಾಲು ಹೊದ್ದು ಅರಸೀಕೆರೆಯ ಪಾರ್ಕಿಗೆ ಬರುತ್ತಿದ್ದರು. ಗೇಟಿನಿಂದ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನವರೆಗೆ ನಡೆದು, ಇವತ್ತಿಗೆ ಸಾಕು ಎಂದು ಕೂತುಬಿಡುತ್ತಿದ್ದರು. ಆಮೇಲೆ ಅವರ ಕೆಲಸವೆಂದರೆ ಹೋಗಿಬರುವವರನ್ನೆಲ್ಲ ವಿಚಾರಿಸಿಕೊಳ್ಳುವುದು. ನಿವೃತ್ತರ ಗುಂಪೊಂದು ದುಂಡಗೆ ನಿಂತು, ಎರಡೂ ಕೈ ಮೇಲೆತ್ತಿ, ಹೋ ಎಂದು ನಗುವ ವ್ಯಾಯಾಮ ಮಾಡುತ್ತಿತ್ತು. "ಪಾಪ, ಮನೇಲಿ ನಗಾಕೆ ಬಿಡಲ್ವೇನೋ, ಇಲ್ಲಿ ಬಂದು ತೀರಿಸ್ಕೊತಾರೆ" ಎಂದು ಅತ್ತೆ ಅವರಿಗೂ ಕೇಳಿಸುವಂತೆ ಹೇಳುತ್ತಿದ್ದರು.

ನನಗೂ ಮನೆಯಿಂದ ಹೊರಬೀಳಲು ಒಂದು ನೆಪ ಬೇಕಿತ್ತು. ನನ್ನ ಗಂಡನದು ಕೊಬ್ಬರಿ ವ್ಯಾಪಾರ. ಮನೆಯ ಮುಂಭಾಗವೇ ಗೋದಾಮು. ಮದುವೆಯಾಗಿ ಬಂದಂದಿನಿಂದ ನನ್ನ ಸೀರೆ, ದಿಂಬು, ಕನಸು ಎಲ್ಲಕ್ಕೂ ಕೊಬ್ಬರಿಯದೇ ವಾಸನೆ. ನನ್ನದೇ ಅಂತ ಏನಾದರೊಂದು ಮಾಡಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಉಪ್ಪಿನಕಾಯಿ ಹಾಕಿ ಮಾರಲು ಹೊರಟೆ. ಮಾರುವ ಮೊದಲೇ ಬೂಸಲು ಹಿಡಿಯಿತು. ಬ್ಯೂಟಿ ಪಾರ್ಲರ್ ಇಡುತ್ತೇನೆಂದೆ. "ಮೊದ್ಲು ನಮ್ಮಮ್ಮನ ಹುಬ್ಬು ತೀಡು, ನೋಡೋಣ" ಎಂದರು ಗಂಡ. ಪಾರ್ಲರ್ ಅಲ್ಲಿಗೇ ಮುಚ್ಚಿತು.

ಒಂದು ಬೆಳಿಗ್ಗೆ ಪಾರ್ಕಿಗೆ ಪ್ರೀ-ವೆಡ್ಡಿಂಗ್ ಫೋಟೋದವರು ಬಂದರು. ಮದುವೆ ಗೊತ್ತಾದ ಹುಡುಗ, ಹುಡುಗಿ, ಹುಡುಗಿಯ ಇಬ್ಬರು ಕಸಿನ್‌ಗಳು, ಒಬ್ಬ ಫೋಟೋಗ್ರಾಫರ್, ತಲೆಯ ಮೇಲೆ ಜೇನುಹುಳದಂತೆ ಗುಂಯ್ಗುಡುವ ಒಂದು ಡ್ರೋನ್. ಹುಡುಗಿ ಜಾವಗಲ್ ಕಡೆಯವಳು. ನೆಲ ಗುಡಿಸುವಂಥ ಕೆಂಪು ಗೌನು ತೊಟ್ಟು ಹುಲ್ಲಿನ ಮೇಲೆ ಓಡಿದಳು, ಹುಡುಗ ಬೆನ್ನಟ್ಟಿದ. ಅದು ಮುಗಿಯಿತು. ಇನ್ನು ರೇಷ್ಮೆ ಸೀರೆಯಲ್ಲಿ ತೆಗೆಯಬೇಕು. ಆದರೆ ಬಟ್ಟೆ ಬದಲಾಯಿಸಲು ಮರೆ ಎಲ್ಲಿದೆ? ಕಸಿನ್‌ಗಳು ಒಂದು ಪೊದೆಯ ಪಕ್ಕ ಬೆಡ್‌ಶೀಟು ಹಿಡಿದು ನಿಂತರು. ಬೀಸಿದ ಗಾಳಿಗೆ ಬೆಡ್‌ಶೀಟು ಒಮ್ಮೆ ಮೇಲೆ ಹೋಯಿತು, ಒಮ್ಮೆ ಪಕ್ಕಕ್ಕೆ ಹೋಯಿತು. ನಗುವವರ ಗುಂಪು ನಗುವುದನ್ನು ನಿಲ್ಲಿಸಿತು. ದಿನವೂ ಮಂಡಿನೋವೆಂದು ಕುಂಟುತ್ತಿದ್ದ ಯಜಮಾನರೊಬ್ಬರು ಆ ಪೊದೆಯನ್ನೇ ದೇವಸ್ಥಾನ ಮಾಡಿಕೊಂಡು ಪ್ರದಕ್ಷಿಣೆ ಹಾಕತೊಡಗಿದರು.

ಅತ್ತೆ ಎದ್ದರು. ಡಾಕ್ಟರು ನೋಡಬೇಕಿತ್ತು, ಅಷ್ಟು ಬಿರುಸಾಗಿ ನಡೆದರು.

"ಏನ್ ಸ್ವಾಮಿ, ಮಂಡಿನೋವು ವಾಸಿ ಆಗೋಯ್ತಾ? ಮನೆಗೋಗಿ ನಿಮ್ಮನೆಯೋರಿಗೂ ಹೇಳಿ, ಖುಷಿ ಪಡ್ತಾರೆ."

ಯಜಮಾನರು ಗೇಟಿನ ಕಡೆ ತಿರುಗಿದರು. ಅತ್ತೆ ತಮ್ಮ ಶಾಲನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, "ಹಿಡ್ಕೊಳ್ಳೇ ಗಟ್ಟಿಯಾಗಿ" ಎಂದು ಒಳಗೆ ನುಗ್ಗಿದರು. ಹುಡುಗಿ ಲಂಗ, ರವಿಕೆಯಲ್ಲಿ ನಿಂತು ಅಳುತ್ತಿದ್ದಳು. ಅವಳಿಗೆ ಸೀರೆ ಉಡಲು ಬರುತ್ತಿರಲಿಲ್ಲ, ಕಸಿನ್‌ಗಳಿಗೂ ಬರುತ್ತಿರಲಿಲ್ಲ. ಮೂವರೂ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಉಡುವ ಅಂದಾಜಿನಲ್ಲಿದ್ದರು. ಅತ್ತೆ ನಿರಿಗೆ ಹಿಡಿದು ಸಿಕ್ಕಿಸಿ, ತಮ್ಮ ಬಳೆಯಲ್ಲಿದ್ದ ಪಿನ್ನು ತೆಗೆದು ಸೆರಗಿಗೆ ಚುಚ್ಚಿ, "ಕಣ್ಣೊರೆಸ್ಕೊ. ಕಾಡಿಗೆ ಇಳೀತಾ ಐತೆ, ಫೋಟೋದಲ್ಲಿ ಕರಡಿ ಥರ ಕಾಣ್ತೀಯ" ಎಂದರು. ಹುಡುಗಿ ಅಳು ನಿಲ್ಲಿಸಿದಳು.

ಹೊರಡುವಾಗ ಫೋಟೋಗ್ರಾಫರ್ ಹತ್ತಿರ ಬಂದ. "ಅಮ್ಮ, ಮುಂದಿನ ವಾರ ಹುಲಿಕೆರೇಲಿ ಇನ್ನೊಂದು ಜೋಡೀದು ಶೂಟ್ ಐತೆ. ಹಿಂಗೇ ಸೀರೆ ಉಡ್ಸಿ ಕೊಡ್ತೀರಾ? ಪ್ರತಿ ಸಲವೂ ನಮಗೆ ಇದೇ ಗೋಳು."

ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. "ಬತ್ತೀವಿ" ಎಂದೆ ನಾನೇ.

ಮನೆಯಲ್ಲಿ ಗಂಡ ಮೊದಲು ನಕ್ಕರು, ಆಮೇಲೆ ಸಿಟ್ಟಾದರು. "ಮಠಕ್ಕೆ ನಡ್ಕೊಳ್ಳೋ ಮನೆ ಕಣೇ ನಮ್ದು. ಬಯಲಲ್ಲಿ ಹೆಣ್ಮಕ್ಳ ಬಟ್ಟೆ ಬಿಚ್ಚಿಸ್ತಾರೆ ಅಂದ್ರೆ ಜನ ಏನಂತಾರೆ?"

"ಬಿಚ್ಚಿಸೋದಲ್ಲ ಕಣೋ, ಉಡ್ಸೋದು" ಎಂದರು ಅತ್ತೆ. "ವ್ಯತ್ಯಾಸ ಗೊತ್ತಿಲ್ದಿದ್ರೆ ಸುಮ್ನಿರು."

ಗೋದಾಮಿನ ಹಳೇ ಗೋಣಿತಾಟುಗಳನ್ನು ಒಟ್ಟಿಗೆ ಹೊಲಿದು, ನಾಲ್ಕು ಬಿದಿರು ಗಳ ಕೂರಿಸಿ ನಾನೊಂದು ಗುಡಾರ ಮಾಡಿದೆ. ಮೇಲ್ಭಾಗ ತೆರೆದಿತ್ತು, ಡ್ರೋನ್ ನೆನಪಾಗಿ ಅದಕ್ಕೂ ಒಂದು ತಾಟು ಹೊದಿಸಿದೆ. ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಅದನ್ನು ನಿಲ್ಲಿಸುವಂತಿರಲಿಲ್ಲ. ಮೇಲೆ ರಸ್ತೆಯ ಬದಿಯಲ್ಲಿ ನಿಲ್ಲಿಸಿ, ಮೂರು ಹಗ್ಗಗಳನ್ನು ಕಲ್ಲುಗಳಿಗೆ ಬಿಗಿದೆ. ನಾಲ್ಕನೆಯದಕ್ಕೆ ಕಲ್ಲು ಸಿಗಲಿಲ್ಲ. ಅಲ್ಲೇ ನಿಂತಿದ್ದ ಫೋಟೋಗ್ರಾಫರನ ಬೈಕಿಗೆ ಕಟ್ಟಿದೆ.

ಮದುವಣಗಿತ್ತಿ ಒಳಗೆ ಹೋದಳು. ಕೊಬ್ಬರಿ ಧೂಳಿಗೆ ಸೀನತೊಡಗಿದಳು. ಅತ್ತೆ ನಿರಿಗೆ ಹಿಡಿದರೆ ಇವಳು ಸೀನುವುದು, ನಿರಿಗೆ ಬಿಚ್ಚುವುದು, ಮತ್ತೆ ಹಿಡಿಯುವುದು. ಅಷ್ಟರಲ್ಲಿ ಫೋಟೋಗ್ರಾಫರನಿಗೆ ಬ್ಯಾಟರಿ ಮರೆತದ್ದು ನೆನಪಾಯಿತು. ಬೈಕ್ ಹತ್ತಿದವನೇ ಹೊರಟ. ಗುಡಾರವೂ ಹೊರಟಿತು. ಗಳ ಬಿತ್ತು, ತಾಟು ಬಿತ್ತು. ಅದರೊಳಗಿಂದ ಅತ್ತೆಯ ದನಿ: "ಯಾವನ್ಲಾ ಅವ್ನು! ನಿಲ್ಸೋ!" ನಾನು ಓಡಿಹೋಗಿ ಇಬ್ಬರ ಮೇಲೂ ತಾಟನ್ನು ಒತ್ತಿ ಹಿಡಿದುಕೊಂಡೆ, ಮಾನವಾದರೂ ಉಳಿಯಲಿ ಎಂದು. ನೋಡುತ್ತಿದ್ದ ಊರಿನ ಹೆಂಗಸರು ಓಡಿಬಂದು ಸುತ್ತ ಗೋಡೆಯಂತೆ ನಿಂತರು. ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಮದುವಣಿಗ ಮಾತ್ರ ಏನನ್ನೂ ಒತ್ತಿಕೊಳ್ಳದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಹುಡುಗಿ ತಾಟಿನಿಂದ ತಲೆ ಹೊರಗೆ ಹಾಕಿ ಅದನ್ನು ನೋಡಿದಳು. "ನಾನು ಇವನ ಜೊತೆ ಫೋಟೋ ತೆಗೆಸ್ಕೊಳ್ಳಲ್ಲ" ಎಂದಳು. ಸುಮ್ಮನೆ ಹೇಳಿದ್ದಲ್ಲ. ಜೊತೆಗೆ ಬಂದಿದ್ದ ಅವಳ ತಾಯಿಯ ಮುಖ ಬಿಳಿಚಿಕೊಂಡಿತು. ನನಗೆ ನನ್ನ ಉಪ್ಪಿನಕಾಯಿ ಜಾಡಿಗಳೇ ಕಣ್ಮುಂದೆ ಬಂದವು. ಇದೂ ಬೂಸಲು ಹಿಡಿಯಿತು ಅಂದುಕೊಂಡೆ.

ಅತ್ತೆ ತಾಟಿನೊಳಗೇ ಅವಳ ಭುಜ ಹಿಡಿದರು. "ನೋಡವ್ವ, ನೀನು ಬಿದ್ದಾಗ ಅವನು ಹೆಂಗೆ ನಗ್ತಾನೆ ಅಂತ ಇವತ್ತೇ ಗೊತ್ತಾಯ್ತು. ನಂಗೆ ಗೊತ್ತಾಗಿದ್ದು ಮದುವೆ ಆಗಿ ವರ್ಷ ಆದ್ಮೇಲೆ, ಬಚ್ಚಲಲ್ಲಿ ಜಾರಿದಾಗ. ಈಗ್ಲೇ ಬೈದ್ಬಿಡು. ಮದುವೆ ಆದ್ಮೇಲೆ ಪುರುಸೊತ್ತು ಸಿಗಲ್ಲ."

ಹುಡುಗಿ ಬೈದಳು. ಕಲ್ಯಾಣಿಯ ಸುತ್ತಲಿನ ಪುಟ್ಟ ಗುಡಿಗಳೆಲ್ಲ ಕೇಳಿಸಿಕೊಳ್ಳುವಷ್ಟು ಬೈದಳು. ಮದುವಣಿಗ ನಗು ನಿಲ್ಲಿಸಿ, ಕಿವಿ ಹಿಡಿದುಕೊಂಡು, ತಪ್ಪಾಯ್ತು ಅಂದ. ಆಮೇಲೆ ಅವನೇ ಒಂದು ಗಳ ಹಿಡಿದು, ಆಚೆ ಮುಖ ಮಾಡಿ, ಸೀರೆ ಉಟ್ಟು ಮುಗಿಯುವವರೆಗೂ ಅಲ್ಲಾಡದೆ ನಿಂತ. ಆವತ್ತಿನ ಫೋಟೋಗಳು ಚೆನ್ನಾಗಿ ಬಂದವಂತೆ. ಇಬ್ಬರ ಮುಖದಲ್ಲೂ ಜಗಳ ಮುಗಿದ ನಿರಾಳ ಇತ್ತು, ಅದನ್ನು ನಾಟಕ ಮಾಡಲು ಬರುವುದಿಲ್ಲ ಎಂದು ಫೋಟೋಗ್ರಾಫರ್ ಹೇಳಿದ.

ಕಸುಬು ಹಾಗೆ ಕೈಹಿಡಿಯಿತು. ಗೋಣಿತಾಟು ಬಿಟ್ಟು ದಪ್ಪ ಕಾಟನ್ ಬಟ್ಟೆಯ ಗುಡಾರ ಹೊಲಿಸಿದೆ. ಶಾಮಿಯಾನದವರಿಂದ ಕಬ್ಬಿಣದ ಕಂಬ ತಂದೆ, ಒಳಗೊಂದು ನಿಲುವುಗನ್ನಡಿ ಇಟ್ಟೆ. ಉಡಿಸುವುದನ್ನು ಅತ್ತೆಯಿಂದ ಕಲಿತೆ. ತಪ್ಪಿದಾಗ ಕೈಮೇಲೆ ಏಟು ತಿಂದೇ ಕಲಿತೆ. ಅವರಿಗೆ ಬಹಳ ಹೊತ್ತು ನಿಲ್ಲಲಾಗುವುದಿಲ್ಲ. ಗುಡಾರದೊಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಅಪ್ಪಣೆ ಕೊಡುತ್ತಾರೆ. ಬೇಲೂರಿನಲ್ಲಿ ಒಬ್ಬ ಹುಡುಗಿ, ದೇವಸ್ಥಾನದ ಶಿಲಾಬಾಲಿಕೆಯ ಹಾಗೆ ಸೊಂಟ ತಿರುಗಿಸಿ ನಿಲ್ಲಬೇಕು, ಸೀರೆ ಹಾಗೇ ಕೂರಬೇಕು ಎಂದು ಹಟ ಹಿಡಿದಳು. "ಆ ಕಲ್ಲಿನ ಹೆಂಗಸ್ರಿಗೆ ಸೀರೆ ಚಿಂತೇನೇ ಇಲ್ಲ ಕಣೇ, ಉಟ್ಟಿದ್ರೆ ತಾನೆ!" ಎಂದರು ಅತ್ತೆ. ಹುಡುಗಿ ನೆಟ್ಟಗೆ ನಿಂತಳು.

ಹೋದ ಮಾಘದಲ್ಲಿ ಹಳೇಬೀಡಿನ ಕೆರೆ ಏರಿಯ ಮೇಲೆ ಇದ್ದೆವು. ಮದುವಣಿಗ ಜೀನ್ಸ್ ಪ್ಯಾಂಟಿನ ಮೇಲೇ ರೇಷ್ಮೆ ಪಂಚೆ ಸುತ್ತಿಕೊಂಡು ಬಂದಿದ್ದ. ಹುಡುಗಿಯನ್ನು ಎತ್ತಿಕೊಳ್ಳಲು ಹೋದಾಗ ಪಂಚೆ ಅವನ ಪಾದದ ಮೇಲೆ ಬಂದು ಕೂತಿತು. ಪಂಚೆ ನಮ್ಮಿಬ್ಬರ ಇಲಾಖೆಯಲ್ಲ. ಅತ್ತೆ ಮಗನಿಗೆ ಫೋನ್ ಮಾಡಿದರು. "ನಿನ್ ಕೊಬ್ಬರಿ ಎಲ್ಲೂ ಓಡೋಗಲ್ಲ, ವ್ಯಾನ್ ಹತ್ಕೊಂಡು ಬಾರೋ."

ಗೊಣಗುತ್ತಲೇ ಬಂದರು ಗಂಡ. ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ಹಾಳಾದ ಕೊಬ್ಬರಿಯ ಲಾಟು ನೋಡಿದವರಂತೆ ತಲೆ ಆಡಿಸಿದರು. ಗುಡಾರಕ್ಕೆ ಕರೆದುಕೊಂಡು ಹೋಗಿ ಪ್ಯಾಂಟು ಬಿಚ್ಚಿಸಿ ಕಚ್ಚೆ ಹಾಕಿದರು. "ಹೊಟ್ಟೆ ಒಳಕ್ಕೆ ಎಳ್ಕೊಳ್ರಿ. ಇನ್ನೂ. ಉಸಿರು ಬಿಡಬೇಡ್ರಿ." ಹುಡುಗ ಹೊರಬಂದಾಗ ಠೀವಿಯಿಂದಲೇ ಇದ್ದ, ಮಾತು ಮಾತ್ರ ಆಡಲಾಗುತ್ತಿರಲಿಲ್ಲ. ಹುಡುಗಿಯ ಅಪ್ಪ ಬಂದು ನನ್ನ ಗಂಡನ ಕೈ ಕುಲುಕಿದರು.

ವಾಪಸು ಬರುವಾಗ ವ್ಯಾನಿನಲ್ಲಿ ಗಂಡ ಕುಲುಕಿಸಿಕೊಂಡ ಕೈಯನ್ನು ಎರಡು ಸಲ ನೋಡಿಕೊಂಡರು. ಆಮೇಲೆ "ಗಂಡಸ್ರಿಗೇ ಬೇರೆ ಒಂದು ಗುಡಾರ ಹೊಲಿಸ್ಬೇಕು ಕಣೇ" ಎಂದರು. "ಹೆಂಗಸ್ರ ಕನ್ನಡಿ ಮುಂದೆ ಅವ್ನು ಬಾಳ ನಾಚ್ಕೊಂಡ."

"ಹೊಲಿಸ್ರಿ, ಯಾರು ಬೇಡ ಅಂದ್ರು" ಎಂದೆ.

"ಯಾವ ಬಣ್ಣ?" ಎಂದು ಕೇಳಿದರು.