ಮನಿ ಕೊಟ್ಟವರಿಗೆ ಪಾರ್ಟು

ಫ್ರೆಂಡ್ಸ್, ಇವತ್ತು ಮರಳಿ ಊರೊಳಗ ಒಂದು ಕಿರುಚಿತ್ರದ ಶೂಟಿಂಗ್ ಇತ್ತು. ಹೀರೋನ ತಮ್ಮನ ಪಾರ್ಟು ನನಗ ಅಂದಿದ್ರು. ಹದಿನೈದು ದಿನ ಹಾಸ್ಟೆಲ್ ಟೆರೇಸ್ ಮ್ಯಾಲೆ ಡೈಲಾಗ್ ಬಾಯಿಪಾಠ ಮಾಡಿದ್ದೆ. ಹೋಗಿ ನೋಡಿದ್ರ, ಮೇಕಪ್ ಹಚ್ಚಿಸ್ಕೊಂಡು ಕುಂತಿದ್ದಾಂವ ನನ್ನ ರೂಮ್‌ಮೇಟ್ ಮಹೇಶ.

“ಸಾರಿ ಕಣಪ್ಪ,” ಅಂದ್ರು ಬೆಂಗಳೂರಿನ ಪ್ರೊಡಕ್ಷನ್ ಮ್ಯಾನೇಜರ್. “ಶೂಟಿಂಗಿಗೆ ಕೊಟ್ಟಿರೋ ಮನೆ ಮಹೇಶನ ಮಾವಂದು, ಊಟಾನೂ ಅವರದೇ. ನಮ್ಮಂಥ ಸಣ್ಣ ಕಂಪನಿ ನಡೆಯೋದೇ ಹೀಗೆ.”

ಮಹೇಶ ಒಂದು ಸಾಲಿಗೆ ಹನ್ನೊಂದು ಟೇಕ್ ತಗೊಂಡ. ನಾನು ಖುಷಿಲೇ ಎಣಿಸಿದೆ.

ಕಡೀಕ ಡೈರೆಕ್ಟರ್ ನನ್ನ ಕರೆದು, “ಮುಖ ಅವನದೇ ಇರ್ಲಿ. ಅವನಿಗೆ ನೀನು ಡಬ್ಬಿಂಗ್ ಮಾಡ್ತೀಯಾ?” ಅಂದ್ರು.

“ಆಗಂಗಿಲ್ರಿ” ಅನ್ನಬೇಕಿತ್ತು. “ಮಾಡ್ತೀನ್ರಿ ಸರ್” ಅಂದೆ.

ಈಗ ಮೆಸ್ಸಿನ್ಯಾಗ ಮಹೇಶನ ಎದುರಿಗೇ ಕುಂತು ಅವನ ತುಟಿ ಹೆಂಗ ಆಡ್ತಾವ ಅಂತ ಸ್ಟಡಿ ಮಾಡಾಕತ್ತೀನಿ. ಅವನು ಆರಾಮ ಉಪ್ಪಿಟ್ಟು ತಿನ್ನಾಕತ್ತಾನ.