ಬೆನ್ನಿಗೆ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ ರಾಕ್ಷಸ

ಯಮನೂರಪ್ಪ ಕಾಕಾ ವೇಷದಲ್ಲಿದ್ದಾಗ ನೀರಡಿಕೆಯಾದರೆ ನೀರನ್ನೂ ಆ ವೇಷದ ದನಿಯಲ್ಲೇ ಕೇಳುತ್ತಿದ್ದ. ಭೀಮನಾಗಿದ್ದರೆ ಕುಷ್ಟಗಿಯ ನನ್ನ ಟೇಲರ್ ಅಂಗಡಿಯ ಬಾಗಿಲಲ್ಲಿ ಗದೆ ಊರಿ ನಿಂತು ಗುಡುಗುತ್ತಿದ್ದ. ಶೂರ್ಪನಖಿಯಾಗಿದ್ದರೆ ಸೆರಗು ಕಚ್ಚಿ ನಾಚುತ್ತ ಚರಿಗೆಗೆ ಕೈ ಚಾಚುತ್ತಿದ್ದ. ಇಲ್ಲಿ ನಾನೊಬ್ಬನೇ ಇದ್ದೇನೆ, ಸಾಕು ಮಾಡು ಎಂದರೆ ಕೇಳುವ ಆಸಾಮಿಯಲ್ಲ. ಒಂದು ಸಲ ಮುಖ ತೊಳೆದು ಬಂದ ಮೇಲೆ ಕಾರಣ ಕೇಳಿದ್ದಕ್ಕೆ ಹೇಳಿದ: "ಬಣ್ಣ ಇರೂತನಾ ಈ ಮೈ ಅವಂದು. ತೊಳದ ಮ್ಯಾಲ ನಂದು."

ಹಗಲುವೇಷ ಅವನ ಮನೆತನದ ಕಸುಬು. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ವಾರಗಟ್ಟಲೆ ಉಳಿದು, ದಿನಕ್ಕೊಂದು ವೇಷ ಹಾಕಿ ಮನೆಮನೆಗೆ ಹೋಗುವುದು. ಕಡೆಯ ದಿನ ಬರಿಮುಖದಲ್ಲಿ ಬಂದು ಜೋಳ ನೀಡಿಸಿಕೊಳ್ಳುವುದು. ಒಂದು ಸಲ ಇರಕಲ್ಲಗಡದಲ್ಲಿ ರಾವಣನಾಗಿ ಓಣಿ ತಿರುಗುತ್ತಿದ್ದಾಗ ಒಡಹುಟ್ಟಿದ ತಮ್ಮ ತೀರಿಕೊಂಡ ಸುದ್ದಿ ಬಂತಂತೆ. ಕಾಕಾ ಉಳಿದ ಮೂರು ಮನೆಗಳನ್ನು ಮುಗಿಸಿ, ರಾವಣನಾಗಿಯೇ ಬಸ್ ಹತ್ತಿ, ಕಂಡಕ್ಟರನ ಚೇಷ್ಟೆಗೆ ರಾವಣನಾಗಿಯೇ ಉತ್ತರ ಕೊಡುತ್ತ ಯಲಬುರ್ಗಾಕ್ಕೆ ಹೋದ. ಅಂಗಳದಲ್ಲಿ ಹೆಣ. ಇವನು ನಳದ ಹತ್ತಿರ ಕೂತು, ಕಿವಿಯ ಹಿಂದಿನ ಬಣ್ಣವನ್ನೂ ಬಿಡದೆ ತೊಳೆದುಕೊಂಡು, ಆಮೇಲೆ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಇದನ್ನು ನನಗೆ ಹೇಳಿದವಳು ಅವನ ಹೆಂಡತಿ ಹುಲಿಗೆವ್ವ ಚಿಗವ್ವ. ಎಷ್ಟೋ ವರ್ಷ ಕಳೆದಿದ್ದರೂ ಅವಳ ಸಿಟ್ಟು ಇಳಿದಿರಲಿಲ್ಲ. ಸುಡುಗಾಡಿಗೆ ಹೋದರೂ ಈತ ಮೊದಲು ವೇಷಕ್ಕೆ ಗಂಡ, ಆಮೇಲೆ ನನಗೆ ಎನ್ನುತ್ತಿದ್ದಳು.

ಮನೆಮನೆಗೆ ಟಿ.ವಿ. ಬಂದ ಮೇಲೆ ಭೀಮನಿಗೆ ಜೋಳ ನೀಡುವವರು ಕಡಿಮೆಯಾದರು. ಅದೇ ಕಾಲಕ್ಕೆ ಬಂತು ಒಂದು ಕಾರ್ಟೂನ್ ಬೊಂಬೆ ಸಿನಿಮಾ. ಅದರ ಇಂಗ್ಲಿಷ್ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ; ನಮ್ಮಲ್ಲಿ ಅದು 'ನೇರಳೆ ರಾಕ್ಷಸನ ಸಿನಿಮಾ'. ಅಜ್ಜಿಕಥೆಗಳ ರಾಜ, ರಾಣಿ, ಮಾಟಗಾತಿ ಎಲ್ಲರನ್ನೂ ಕಾಡೊಂದರಲ್ಲಿ ಕಲೆಹಾಕಿ ಗೇಲಿ ಮಾಡುವ ಕಥೆ. ನಡುವೆ ನೇರಳೆ ಹಣ್ಣಿನ ಬಣ್ಣದ ಒಬ್ಬ ರಾಕ್ಷಸ. ಅವನಿಗೆ ಮಕ್ಕಳೆಂದರೆ ಜೀವಭಯ. ಮಕ್ಕಳು ಕಂಡ ಕೂಡಲೇ ಸತ್ತಂತೆ ದೊಪ್ಪನೆ ಬೀಳುತ್ತಾನೆ. ಅವರು ಬಂದು ಕಚಗುಳಿ ಇಡುತ್ತಾರೆ. ಮೂರನೆಯ ಕಚಗುಳಿಗೆ ಕಿಸಕ್ಕನೆ ನಕ್ಕು ಎದ್ದು ಓಡುತ್ತಾನೆ. ಒಂದಾದ ಮೇಲೊಂದು ನಾಲ್ಕು ಸಿನಿಮಾ ಬಂದವು, ನಾಲ್ಕರಲ್ಲೂ ಬೀಳುವುದು ತಪ್ಪಲಿಲ್ಲ. ಅವನ ಜೊತೆಗಿದ್ದ ಬಡಾಯಿಕೋರ ಕೊಕ್ಕರೆಗೂ ಆಮೇಲೆ ಎರಡು ಸಿನಿಮಾ ಬೇರೆಯಾಗಿ ಬಂದವು. ಹಿಮ್ಮೇಳದವನಿಗೂ ಸ್ವಂತ ಆಟ ಬಂತಲ್ಲ ಎಂದು ಕಾಕಾ ಖುಷಿಪಟ್ಟಿದ್ದ.

ಹಳ್ಳಿಯ ಹುಡುಗರು ರಾವಣನನ್ನು ಬಿಟ್ಟು ನೇರಳೆ ರಾಕ್ಷಸ ಬೇಕೆಂದಾಗ ಕಾಕಾ ಮುನಿಸಿಕೊಳ್ಳಲಿಲ್ಲ. ನನ್ನ ಪಕ್ಕದ ಸಿ.ಡಿ. ಅಂಗಡಿಯಲ್ಲಿ ಮೊದಲ ಸಿನಿಮಾವನ್ನು ಏಳು ಸಲ ನೋಡಿದ. ಮಾತು ತಿಳಿಯದಿದ್ದರೂ ನಡಿಗೆ ತಿಳಿಯಿತು. ರಾಕ್ಷಸನ ತಲೆಯನ್ನು, ಉಸಿರಿಗೆ ಬಾಯಲ್ಲೊಂದು ಬಲೆ ಇಡಿಸಿ, ಕಿನ್ನಾಳದ ಗೊಂಬೆ ಮಾಡುವವರ ಹತ್ತಿರ ಮಾಡಿಸಿದ. ಮೈ ಹೊಲಿಸಲು ನನ್ನ ಹತ್ತಿರ ಬಂದ. ದಪ್ಪ ಸ್ಪಂಜಿನ ಮೇಲೆ ನೇರಳೆ ಮಕಮಲ್ಲು ಹೊದಿಸಿ, ಬೆನ್ನಿಗೆ ಉದ್ದನೆಯ ಜಿಪ್ ಇಟ್ಟು ಕೊಟ್ಟೆ. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ರಾಕ್ಷಸನ ಬೆನ್ನಾಗ ಜಿಪ್ಪ ಇರತೈತೇನೋ ತಮ್ಮಾ? ಇದನ್ನ ಕಿತ್ತು ಒಗಿ. ನಾ ಒಳಗ ಹೊಕ್ಕ ಮ್ಯಾಲ ಹೊಲದುಬಿಡು."

ಮೈಮೇಲಿನ ಬಟ್ಟೆಗೆ ಸೂಜಿ ಹಾಕಬಾರದು ಅಂತ ನಮ್ಮಲ್ಲಿ ಶಾಸ್ತ್ರ. ಹಾಕಲೇಬೇಕಾದರೆ ತೊಟ್ಟವರು ಹಲ್ಲಿನಲ್ಲಿ ಕಡ್ಡಿ ಕಚ್ಚಿಕೊಂಡಿರಬೇಕು. ಕಾಕಾ ಕಸಬರಿಗೆಯ ಕಡ್ಡಿಯೊಂದನ್ನು ಕಚ್ಚಿ ಬೆನ್ನು ತಿರುಗಿಸಿ ನಿಂತ. ಕುತ್ತಿಗೆಗೆ ತಲೆಯನ್ನು ಸೇರಿಸಿ, ಅಲ್ಲಿಂದ ನಡುವಿನ ತನಕ ಎರಡೆಳೆ ದಾರದಲ್ಲಿ ಹೊಲಿದೆ. ಅವತ್ತಿನಿಂದ ಅವನ ಜೊತೆಗೆ ನಾನೂ ತಿರುಗಬೇಕಾಯಿತು. ಶುರುವಿಗೆ ಹೊಲಿಯುವುದು, ಮುಗಿದ ಮೇಲೆ ಬ್ಲೇಡಿನಿಂದ ಬಿಚ್ಚುವುದು. ಬಿಚ್ಚಿದಾಗ ಒಳಗಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಗಾಳಿಯಾಡಲು ಮೈಗೆ ನಾಲ್ಕು ತೂತಾದರೂ ಬಿಡೋಣ ಎಂದು ನಾನು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನನ್ನ ಹೊಲಿಗೆಯ ಮೇಲೆ ಜಂಬವಿತ್ತು. ಹೊಲಿಗೆ ಎಲ್ಲಿದೆ ಎಂದು ಹುಡುಗರು ಬೆನ್ನೆಲ್ಲ ತಡವಿ ಹುಡುಕಿದರೂ ಸಿಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಸಾಣಾಪುರದ ಕೆರೆಯ ಹತ್ತಿರದ ಒಂದು ರೆಸಾರ್ಟಿನಲ್ಲಿ ಗಂಗಾವತಿಯ ಯಾರೋ ಸಾಹುಕಾರರ ಮೊಮ್ಮಗಳ ಹುಟ್ಟುಹಬ್ಬ. ಮಟಮಟ ಮಧ್ಯಾಹ್ನ, ಸುತ್ತಲಿನ ಬಂಡೆಗಳು ಕಾದ ಹಂಚಾಗಿದ್ದವು. ಕಾಕಾ ಎರಡು ಸಲ ಸತ್ತು ಬಿದ್ದ, ಎರಡು ಸಲವೂ ಮೂರನೆಯ ಕಚಗುಳಿಗೆ ಎದ್ದು ಓಡಿದ. ಮಕ್ಕಳು ಬಿದ್ದುಬಿದ್ದು ನಕ್ಕರು. ಮೂರನೆಯ ಸಲ ಬಿದ್ದವನು ಏಳಲಿಲ್ಲ. ಮಕ್ಕಳು ಕಚಗುಳಿ ಇಟ್ಟರು, ಕಾಲೆಳೆದರು, ಹೊಟ್ಟೆಯ ಮೇಲೆ ಹತ್ತಿದರು. ದೊಡ್ಡವರು ಮೊಬೈಲು ಹಿಡಿದು ನಿಂತರು. ನಾನು ಕೈಯಲ್ಲಿ ತಾಟು ಹಿಡಿದು ಉಣ್ಣುತ್ತಿದ್ದೆ. ಇವತ್ತು ಮುದುಕ ರಂಗೇರಿದ್ದಾನೆ ಅಂದುಕೊಂಡು ನಾನೂ ನಕ್ಕೆ. ಆ ನಗು ನೆನಪಾದಾಗ ನನಗೆ ಇವತ್ತಿಗೂ ಅನ್ನ ಸೇರುವುದಿಲ್ಲ.

ಕಚಗುಳಿ ಹತ್ತಾದ ಮೇಲೆ ನನಗೆ ಸಂಶಯ ಬಂತು. ಹೋಗಿ ಬಗ್ಗಿ, ರಾಕ್ಷಸನ ಬಾಯಿಯ ಬಲೆಗೆ ಕಿವಿ ಹಚ್ಚಿದೆ. ಒಳಗಿನಿಂದ ಬಂದದ್ದು ರಾಕ್ಷಸನ ದನಿಯಲ್ಲ, ಕಾಕಾನ ದನಿ. ವೇಷ ಕಳಚುವ ಮೊದಲು ಅವನು ತನ್ನ ದನಿಯಲ್ಲಿ ಮಾತಾಡಿದ್ದನ್ನು ಅದೇ ಮೊದಲು ಕೇಳಿದೆ. ಆಗಲೇ ನನಗೆ ತಿಳಿಯಬೇಕಿತ್ತು.

"ಹುಡುಗರ ಮುಂದ ತಲಿ ತಗೀಬ್ಯಾಡೋ ತಮ್ಮಾ. ಹಿಂದಕ ಒಯ್ಯಿ."

ಬ್ಲೇಡು ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಅಲ್ಲೇ ಸೀಳಿಬಿಡಬಹುದಿತ್ತು. ನಾನು ಸೀಳಲಿಲ್ಲ. ರಾಕ್ಷಸನಿಗೆ ನಿದ್ದೆ ಬಂದಿದೆ ಎಂದು ಮಕ್ಕಳಿಗೆ ಹೇಳಿ ವಾಚ್‌ಮನ್ನನ್ನೂ ಬಡಿಸುವ ಇಬ್ಬರನ್ನೂ ಕರೆದೆ. ನಾಲ್ವರೂ ಸೇರಿ ಎತ್ತಿಕೊಂಡು ಅಡುಗೆಮನೆಯ ಹಿಂದಕ್ಕೆ ಹೊರಟೆವು. ಮಕ್ಕಳು ಚಪ್ಪಾಳೆ ತಟ್ಟುತ್ತ ಮೆರವಣಿಗೆಯಾಗಿ ಹಿಂದೆಯೇ ಬಂದರು. ಅವರನ್ನು ಕೇಕಿನ ಆಸೆ ತೋರಿಸಿ ವಾಪಸು ಕಳಿಸಿ, ಬಾಗಿಲು ಹಾಕಿಸಿ, ಆಮೇಲೆ ಬ್ಲೇಡು ತೆಗೆದೆ. ನನ್ನದೇ ಹೊಲಿಗೆ, ನನ್ನದೇ ಎರಡೆಳೆ ದಾರ, ಬೇಗ ಕಡಿಯಲಿಲ್ಲ. ತಲೆ ತೆಗೆದಾಗ ಕಾಕಾನ ಮೈ ಕೆಂಡದಂತೆ ಸುಡುತ್ತಿತ್ತು, ಬೆವರೇ ಇರಲಿಲ್ಲ. ಕೊಡಗಟ್ಟಲೆ ನೀರು ಸುರಿದರೂ ಕಣ್ಣು ತೆರೆಯಲಿಲ್ಲ. ಗಂಗಾವತಿಯ ದವಾಖಾನೆ ಮುಟ್ಟುವುದರೊಳಗೆ ಜೀವ ಹೋಗಿತ್ತು. ಕಾವು ತಲೆಗೇರಿದೆ, ಬಿದ್ದ ತಕ್ಷಣ ಬಟ್ಟೆ ಬಿಚ್ಚಿ ನೀರು ಹಾಕಿದ್ದರೆ ಉಳಿಯುತ್ತಿದ್ದರೇನೋ ಎಂದರು ಡಾಕ್ಟರು.

ಕುಣಿಯುತ್ತ ಕುಣಿಯುತ್ತಲೇ ಹೋದ ಎಂದು ಹುಲಿಗೆವ್ವ ಚಿಗವ್ವನಿಗೆ ಸುಳ್ಳು ಹೇಳಿದೆ. ಒಂದು ವರ್ಷ ಆ ಸುಳ್ಳನ್ನು ಹೊತ್ತು ತಿರುಗಿದೆ. ಯಾವುದೋ ಹಳ್ಳಿಯ ಹುಡುಗರು ಅಂಗಡಿಗೆ ಬಂದು ರಾಕ್ಷಸ ಯಾವಾಗ ಬರುತ್ತಾನೆ ಎಂದು ಕೇಳಿದ ದಿನ ತಡೆಯಲಾಗದೆ ಯಲಬುರ್ಗಾದ ಬಸ್ ಹತ್ತಿದೆ. ಚಿಗವ್ವ ಬಾಗಿಲ ಮುಂದೆ ಕೂತು ಜೋಳ ಕೇರುತ್ತಿದ್ದಳು. ಎಲ್ಲವನ್ನೂ ಹೇಳಿದೆ: ಕಾಕಾ ಏನಂದ, ಕಿಸೆಯಲ್ಲಿ ಏನಿತ್ತು, ಎಷ್ಟು ಹೊತ್ತು ಹೋಯಿತು. ನಾನು ಅಲ್ಲೇ ತಲೆ ತೆಗೆದಿದ್ದರೆ ಆತ ಜನ್ಮದಲ್ಲಿ ನನ್ನನ್ನು ಕ್ಷಮಿಸುತ್ತಿರಲಿಲ್ಲ ಚಿಗವ್ವ, ಎಂದೆ.

ಅವಳು ಮೊರ ಕೆಳಗಿಟ್ಟಳು. ಬೈಯಲಿಲ್ಲ.

"ಖರೆ ಐತಿ. ಅಲ್ಲೇ ತಲಿ ತಗದಿದ್ರ ನಿನ್ನ ಜೋಡಿ ಮಾತು ಬಿಡತಿದ್ದ. ನನ್ನ ಜೋಡೀನೂ ಮಾತಾಡತಿದ್ದಿಲ್ಲ ಬಿಡು, ಗ್ವಾಡಿ ಕಡೆ ಮುಖ ಮಾಡಿ ಸುಮ್ಮನ ಕುಂದರತಿದ್ದ," ಅಂದಳು. "ನನಗ ಅಷ್ಟ ಸಾಕಾಗಿತ್ತೋ ತಮ್ಮಾ."